ಹಾವಿನ ಮದ್ದು: ಮಾಡುವುದೇನು, ಮಾಡಲಾರದ್ದೇನು

(ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಅಂಚಿನ ಹಳ್ಳಿಯೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಪಠ್ಯ)



ಔಷಧದ ಬಗ್ಗೆ ನಾಲ್ಕು ಮಾತಾಡು ಎಂದು ಕರೆಸಿದ್ದೀರಿ. ನಾನು ವೈದ್ಯನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ ವರದಿಗಾರನಾದವನು. ತಿಳಿದವರನ್ನು ಕೇಳುವುದು, ಬರೆದಿಟ್ಟದ್ದನ್ನು ಓದುವುದು, ಎರಡನ್ನೂ ತಾಳೆ ಹಾಕುವುದು ನನ್ನ ಕಸುಬು. ಹಾಗೆ ತಾಳೆ ಹಾಕಿದಾಗ ಗಟ್ಟಿಯಾಗಿ ಉಳಿದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಎಲ್ಲ ಔಷಧಗಳನ್ನೂ ಹಿಡಿದು ಕೂತರೆ ಬೆಳಗಾದೀತು. ಅದಕ್ಕೇ ಒಂದೇ ಔಷಧವನ್ನು ಆರಿಸಿಕೊಂಡಿದ್ದೇನೆ: ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಹಾಕುವ ಮದ್ದು. ಡಾಕ್ಟರುಗಳು ಅದನ್ನು ಎ.ಎಸ್.ವಿ. ಎನ್ನುತ್ತಾರೆ. ನಾವು ಪ್ರತಿವಿಷ ಎನ್ನೋಣ.

ಈ ಊರಿಗೆ ಇದಕ್ಕಿಂತ ಹತ್ತಿರದ ಔಷಧ ಯಾವುದಿದೆ? ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲು ಇದು. ಹುಲ್ಲು, ಕಲ್ಲು, ಜಾಲಿ. ಕುರಿ ಕಾಯುವವರು ಇಲ್ಲೇ ಓಡಾಡುತ್ತಾರೆ, ಬಯಲಲ್ಲೇ ಮಲಗುತ್ತಾರೆ. ಆಚೆ ಹೊಲದಲ್ಲಿ ಶೇಂಗಾ ಕೀಳುವವರ ಕೈ ದಿನವಿಡೀ ನೆಲದ ಮೇಲೇ ಇರುತ್ತದೆ. 2017ರಲ್ಲಿ ಡಿ.ಆರ್.ಡಿ.ಒ. ಸಂಸ್ಥೆ ಈ ಕಾವಲಿನಲ್ಲಿ ವಿಮಾನ ಪರೀಕ್ಷೆಯ ವಲಯ ತೆರೆಯಿತು. ಮನುಷ್ಯರಿಗೂ ದನಕುರಿಗೂ ಗೋಡೆ ಅಡ್ಡ ಬಂತು. ಹಾವಿಗೆ ಬರಲಿಲ್ಲ.

ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಬಹುಪಾಲು ಹಳ್ಳಿಯವರು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಪತ್ರಿಕೆಯಲ್ಲಿ ಇಂಥ ಸಾವಿಗೆ ಸಿಗುವುದು ಮೂಲೆಯಲ್ಲಿ ಎರಡು ಸಾಲು. ಮದ್ದು ಇದ್ದೂ ಇಷ್ಟು ಜನ ಸಾಯುವುದೇಕೆ ಎಂಬ ಪ್ರಶ್ನೆ ಆ ಎರಡು ಸಾಲಿನಲ್ಲಿ ಹಿಡಿಸುವುದಿಲ್ಲ.

ಔಷಧ ಎಂಬುದು ಈ ಸೀಮೆಗೆ ಹೊಸ ಮಾತೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಆ ಕಿರುಶಾಸನಗಳಲ್ಲಿ ಔಷಧದ ಮಾತಿಲ್ಲ. ಆದರೆ ಇದೇ ಅರಸನ ಎರಡನೆಯ ದೊಡ್ಡ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದು, ಔಷಧಿ ಗಿಡಗಳಿಲ್ಲದ ಕಡೆಗೆ ತರಿಸಿ ನೆಡಿಸಿದ್ದು ಬರುತ್ತದೆ. ಅದರ ಒಂದು ಪ್ರತಿ ಆಂಧ್ರದ ಎರ್ರಗುಡಿಯ ಬಂಡೆಯ ಮೇಲಿದೆ. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಗಿಡಮೂಲಿಕೆ ಸರ್ಕಾರದ ಕೆಲಸವಾಗಿತ್ತು.

ಗಿಡದಲ್ಲಿ ಔಷಧ ಇಲ್ಲವೆಂದು ನಾನು ಹೇಳಲು ಬಂದಿಲ್ಲ. ಸರ್ಪಗಂಧದ ಬೇರನ್ನೇ ನೋಡಿ. ಹೆಸರಿನಲ್ಲೇ ಸರ್ಪವಿದೆ, ಹಾವು ಕಚ್ಚಿದವರಿಗೆ ಅದನ್ನು ಅರೆದು ಕೊಡುತ್ತಿದ್ದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಆ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವ ಬೇರ್ಪಟ್ಟಿತು. ಬಿ.ಪಿ.ಗೆ ಅದು ಕೆಲಕಾಲ ಲೋಕಪ್ರಸಿದ್ಧ ಔಷಧ. ಆಮೇಲೆ ಕೆಲವು ರೋಗಿಗಳ ಮನಸ್ಸು ಕುಗ್ಗುತ್ತದೆ ಎಂಬ ದೂರು ಬಂತು, ಅದಕ್ಕಿಂತ ಒಳ್ಳೆಯ ಮಾತ್ರೆಗಳೂ ಬಂದವು, ಬಳಕೆ ಇಳಿಯಿತು. ಹಾವಿನ ವಿಷಕ್ಕೆಂದು ಹೆಸರಾದ ಬೇರು ಕೆಲಸ ಮಾಡಿದ್ದು ಬೇರೆಯದೇ ಕಾಯಿಲೆಗೆ, ಅದೂ ತನ್ನದೇ ಆದ ತೊಂದರೆಗಳ ಜೊತೆಗೆ.

ಇನ್ನೊಂದು ಈಶ್ವರಿ ಬೇರು. ಹಾವಿನ ಕಡಿತಕ್ಕೆ ಅದನ್ನು ಇಂದಿಗೂ ಅರೆದು ಕುಡಿಸುವವರಿದ್ದಾರೆ. ಆ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಈಗ ಖಚಿತ. ಕೊಳಕುಮಂಡಲದ ವಿಷವೂ ಮೂತ್ರಪಿಂಡಕ್ಕೇ ಹೋಗುವುದು. ಬೆಂಕಿ ಬಿದ್ದ ಮನೆಗೆ ಸೀಮೆಎಣ್ಣೆ ಒಯ್ದ ಹಾಗಾಯಿತು. ಬೇರು ನಾರು ಅಪಾಯವಿಲ್ಲದ್ದು, ಇಂಗ್ಲಿಷ್ ಔಷಧಿ ಮಾತ್ರ ಉಷ್ಣ ಎಂಬ ಮಾತನ್ನು ಊರೂರಲ್ಲಿ ಕೇಳಿದ್ದೇನೆ. ಮೂತ್ರಪಿಂಡಕ್ಕೆ ಆ ಭೇದ ಗೊತ್ತಿಲ್ಲ.

ಹಾಗಾದರೆ ಮಂತ್ರ ಹಾಕಿಸಿದವರು, ವಿಷದ ಕಲ್ಲು ಇಡಿಸಿದವರು ಬದುಕಿದ್ದು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಬದುಕಿದ್ದು ಸುಳ್ಳಲ್ಲ. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ, ವಿಷದವು 60ರ ಆಸುಪಾಸು. ಕೇರೆ ಕಚ್ಚಿದವನಿಗೆ ಏನು ಕೊಟ್ಟರೂ ಬದುಕುತ್ತಾನೆ, ಕೊಡದಿದ್ದರೂ ಬದುಕುತ್ತಾನೆ. ವಿಷದ ಹಾವು ಕೂಡ ಎಷ್ಟೋ ಸಲ ಹಲ್ಲು ಊರಿದರೂ ವಿಷ ಬಿಡುವುದಿಲ್ಲ. ಇವರೆಲ್ಲ ಪಂಡಿತರ ಲೆಕ್ಕಕ್ಕೆ ಜಮೆ. ಉಳಿಯದೆ ಹೋದವರ ಲೆಕ್ಕಕ್ಕೆ 'ತಡವಾಗಿ ತಂದರು' ಅಥವಾ 'ವಿಧಿ'. ಔಷಧಶಾಸ್ತ್ರ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಬದುಕಿದವನೊಬ್ಬನನ್ನು ತೋರಿಸಿದರೆ ಅದಕ್ಕೆ ಸಾಲದು. ಈ ಮದ್ದು ಕೊಡದಿದ್ದರೆ ಎಷ್ಟು ಜನ ಬದುಕುತ್ತಿದ್ದರು, ಕೊಟ್ಟದ್ದರಿಂದ ಎಷ್ಟು ಜನ ಹೆಚ್ಚಾಗಿ ಬದುಕಿದರು ಎಂದು ಅದು ಕೇಳುತ್ತದೆ. ಜೊತೆಗೆ, ಮದ್ದು ಮೈಯೊಳಗೆ ಹೋಗಿ ಏನು ಮಾಡುತ್ತದೆ, ಮೈ ಆ ಮದ್ದನ್ನು ಏನು ಮಾಡುತ್ತದೆ ಎಂದೂ ಕೇಳುತ್ತದೆ.

ಪ್ರತಿವಿಷ ಹುಟ್ಟಿದ ಕಥೆ ಹೀಗಿದೆ. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು, ಒಂದು ಪ್ರಾಣಿಗೆ ರೋಗಾಣುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿದರೆ ಅದರ ರಕ್ತದಲ್ಲಿ ಆ ವಿಷವನ್ನು ಹಿಡಿದುಹಾಕುವ ಶಕ್ತಿ ಬೆಳೆಯುತ್ತದೆ ಎಂದು ತೋರಿಸಿದರು. ವಿಯೆಟ್ನಾಮಿನ ಸೈಗಾನಿನಲ್ಲಿ ನಾಗರಹಾವಿನ ಸಾವುಗಳನ್ನು ಕಂಡಿದ್ದ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಅದೇ ಉಪಾಯವನ್ನು ಹಾವಿನ ವಿಷಕ್ಕೆ ಹೂಡಿದರು. 1894ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ವರದಿ ಹೊರಬಿತ್ತು. ತನ್ನ ಸೀರಂ ಎಲ್ಲ ಹಾವಿಗೂ ಆಗುತ್ತದೆ ಎಂದು ಕಾಲ್ಮೆಟ್ ನಂಬಿದ್ದರು. ಬ್ರೆಜಿಲ್‌ನ ವಿಟಾಲ್ ಬ್ರಜಿಲ್, ಭಾರತದಲ್ಲಿದ್ದ ಜಾರ್ಜ್ ಲ್ಯಾಂಬ್ ಮುಂತಾದವರು ಪರೀಕ್ಷಿಸಿ, ಅದು ಹಾಗಲ್ಲ, ಯಾವ ಹಾವಿನ ವಿಷ ಚುಚ್ಚಿ ಮಾಡಿದ್ದೋ ಆ ಹಾವಿಗೇ ಅದು ಮದ್ದು ಎಂದು ತೋರಿಸಿಕೊಟ್ಟರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಭಾರತದಲ್ಲಿ ತಯಾರಾಗುವುದೂ ಅದೇ ರೀತಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಕುದುರೆಗಳಿಗೆ ತಿಂಗಳುಗಟ್ಟಲೆ ಚೂರುಚೂರೇ ಕೊಡುತ್ತಾರೆ. ಕುದುರೆಗೆ ಏನೂ ಆಗದ ಪ್ರಮಾಣದಿಂದ ಶುರು. ಆಮೇಲೆ ಅದರ ರಕ್ತ ತೆಗೆದು, ವಿಷ ಹಿಡಿಯುವ ಪ್ರೋಟೀನನ್ನು ಬೇರ್ಪಡಿಸಿ, ಶುದ್ಧ ಮಾಡಿ, ಒಣಪುಡಿಯಾಗಿಯೋ ದ್ರವವಾಗಿಯೋ ವಯಲ್ ಎಂಬ ಪುಟ್ಟ ಸೀಸೆಗೆ ತುಂಬುತ್ತಾರೆ. ವಿಷ ಬರುವುದು ಹೆಚ್ಚಾಗಿ ತಮಿಳುನಾಡಿನಿಂದ. ಮಹಾಬಲಿಪುರದ ಹತ್ತಿರ ಇರುಳ ಜನರು 1978ರಲ್ಲಿ ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿಕೊಂಡರು. ಅವರು ಹಾವು ಹಿಡಿದು, ವಿಷ ಕರೆದು, ಮತ್ತೆ ಕಾಡಿಗೆ ಬಿಡುತ್ತಾರೆ.

ಸೀಸೆಯ ಲೆಕ್ಕ ಸ್ವಾರಸ್ಯವಾಗಿದೆ. ಒಂದು ವಯಲ್ ಅಂದರೆ 10 ಮಿಲಿಲೀಟರ್. ಪ್ರತಿ ಮಿಲಿಲೀಟರ್ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ಕಟ್ಟಿಹಾಕಬೇಕು ಎಂಬುದು ಕಟ್ಟಳೆ. ಅಂದರೆ ಒಂದು ವಯಲಿಗೆ 6 ಮಿಲಿಗ್ರಾಂ. ಆ ಹಾವು ಒಂದು ಕಡಿತಕ್ಕೆ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ ಎಂದು ಲೆಕ್ಕವಿದೆ. ಮೊದಲ ಸಲಕ್ಕೇ 8ರಿಂದ 10 ವಯಲ್ ಹಾಕುವುದು ಇದಕ್ಕೇ. 'ಒಂದು ಇಂಜೆಕ್ಷನ್ ಹಾಕಿಸಿ ಕಳಿಸಿದರು, ಆದರೂ ಹೋಗಿಬಿಟ್ಟ' ಎಂದು ಕೇಳಿದಾಗ ನಾನು ಮೊದಲು ವಿಚಾರಿಸುವುದು, ಆ ಒಂದು ಇಂಜೆಕ್ಷನ್ ಯಾವುದು ಎಂದು. ಅನೇಕ ಸಲ ಅದು ಟಿ.ಟಿ. ಆಗಿರುತ್ತದೆ, ಇಲ್ಲವೇ ಸ್ಟೀರಾಯ್ಡ್. ಹಾವಿನ ವಿಷದ ಮುಂದೆ ಅವೆರಡೂ ಏನೂ ಅಲ್ಲ.

ಇನ್ನೊಂದು ವಿಚಿತ್ರ ಕೇಳಿ. ಎಲ್ಲ ಔಷಧಕ್ಕೂ ಮಕ್ಕಳಿಗೆ ಕಡಿಮೆ, ದೊಡ್ಡವರಿಗೆ ಹೆಚ್ಚು. ಪ್ರತಿವಿಷ ಮಾತ್ರ ಐದು ವರ್ಷದ ಮಗುವಿಗೂ ಐವತ್ತರ ಗೌಡರಿಗೂ ಒಂದೇ ಪ್ರಮಾಣ. ಯಾಕೆಂದರೆ ಈ ಮದ್ದು ಗುರಿಯಿಡುವುದು ಮೈಯನ್ನಲ್ಲ, ವಿಷವನ್ನು. ಹಾವು ಮಗು ಎಂದು ನೋಡಿ ವಿಷ ಕಡಿಮೆ ಬಿಡುವುದಿಲ್ಲ.

ಇಷ್ಟು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ವಿಷ ಆಗಲೇ ಮಾಡಿ ಮುಗಿಸಿದ್ದನ್ನು ಸರಿಪಡಿಸುವುದಿಲ್ಲ. ಕೊಳಕುಮಂಡಲ, ಗರಗಸ ಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯೆಲ್ಲ ವ್ಯರ್ಥವಾಗಿ ಖರ್ಚಾಗಿಹೋಗುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ. ಪ್ರತಿವಿಷ ಆ ಖರ್ಚನ್ನು ನಿಲ್ಲಿಸುತ್ತದೆ ಅಷ್ಟೆ. ಖಾಲಿಯಾದ ಕಣಜ ತುಂಬಬೇಕಾದದ್ದು ನಮ್ಮ ಯಕೃತ್ತು. ಅದಕ್ಕೆ ಸುಮಾರು ಆರು ಗಂಟೆ ಬೇಕು. ಆದ್ದರಿಂದಲೇ ಡಾಕ್ಟರು ಆರು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಾರೆ. ಆ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಒಣಗಿದ, ಹೊಸ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಬಾಗಿಸಿ ನೋಡುವುದು. ನೀರಿನಂತೆ ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ನಳಿಕೆಯಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಇಷ್ಟು ಸಣ್ಣ ಗಾಜಿನ ಮೇಲೆ ಒಂದು ಜೀವ ನಿಂತಿರುತ್ತದೆ.

ಕಟ್ಟುಹಾವಿನದು ಇನ್ನೂ ಕಷ್ಟ. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು. ಅದರ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಒಮ್ಮೆ ಹಾಳಾದ ಮೇಲೆ ಎಷ್ಟು ವಯಲ್ ಸುರಿದರೂ ಕೂಡಲೇ ಸರಿಯಾಗದು. ನರ ತಾನಾಗಿ ಚಿಗುರುವವರೆಗೆ ಉಸಿರಾಟದ ಯಂತ್ರದಲ್ಲಿ ಇಟ್ಟು ಕಾಪಾಡಬೇಕು. ಕಾಪಾಡಿದರೆ ಪೂರಾ ಗುಣವಾಗಿ ಎದ್ದು ಬರುತ್ತಾರೆ. ಹಾಗಾಗಿ ಈ ಮದ್ದಿನ ಮಟ್ಟಿಗೆ ಕಾಲವೂ ಒಂದು ಪ್ರಮಾಣವೇ. ಮೊದಲ ಗಂಟೆಯಲ್ಲಿ ಹತ್ತು ವಯಲ್ ಮಾಡುವ ಕೆಲಸವನ್ನು ಹನ್ನೆರಡನೇ ಗಂಟೆಯಲ್ಲಿ ಮೂವತ್ತು ವಯಲ್ ಮಾಡಲಾರವು. ಮಂತ್ರದಿಂದ, ಕಲ್ಲಿನಿಂದ ನೇರವಾಗಿ ಯಾರೂ ಸಾಯುವುದಿಲ್ಲ. ಅಲ್ಲಿ ಕಳೆದ ಮೂರು ಗಂಟೆಯಿಂದ ಸಾಯುತ್ತಾರೆ.

ಇನ್ನು ಅಪಾಯದ ಮಾತು. ಕುದುರೆಯ ಪ್ರೋಟೀನು ನಮ್ಮ ಮೈಗೆ ಪರಕೀಯ. ಕೆಲವರಿಗೆ ಮೈ ತುಂಬ ದದ್ದು, ನವೆ, ವಾಂತಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ವಾರ ಎರಡು ವಾರದ ನಂತರ ಜ್ವರ, ಕೀಲುನೋವು ಬರುವುದೂ ಉಂಟು. ಇದಕ್ಕೇ ಹಲ್ಲಿನ ಗುರುತು ಇದ್ದ ಮಾತ್ರಕ್ಕೆ ಪ್ರತಿವಿಷ ಹಾಕುವುದಿಲ್ಲ, ವಿಷ ಏರಿದ ಲಕ್ಷಣ ಕಂಡರೆ ಮಾತ್ರ ಹಾಕುತ್ತಾರೆ. 'ಡಾಕ್ಟ್ರು ಸುಮ್ಮನೆ ಕೂರಿಸಿಕೊಂಡಿದ್ದಾರೆ, ಇಂಜೆಕ್ಷನ್ ಕೊಡುತ್ತಿಲ್ಲ' ಎಂದು ಆಸ್ಪತ್ರೆ ಮುಂದೆ ಜಗಳ ಆಗುವುದು ಇಲ್ಲಿಯೇ. ಕಾದು ನೋಡುವುದೂ ಚಿಕಿತ್ಸೆಯೇ, ಗಂಟೆಗಂಟೆಗೂ ನೋಡುತ್ತಿದ್ದರೆ. ಆದರೆ ಲಕ್ಷಣ ಕಂಡ ಮೇಲೂ ಅಲರ್ಜಿಗೆ ಹೆದರಿ ಬೇರೆ ಊರಿಗೆ ಸಾಗಹಾಕುವುದಕ್ಕೆ ಸಮರ್ಥನೆ ಇಲ್ಲ. ಆ ಅಲರ್ಜಿಗೆ ಅಡ್ರಿನಲಿನ್ ಎಂಬ ಅಗ್ಗದ ಮದ್ದಿದೆ. ತೊಡೆಯ ಸ್ನಾಯುವಿಗೆ ಕೊಟ್ಟರೆ ನಿಮಿಷಗಳಲ್ಲಿ ಸುಧಾರಿಸುತ್ತದೆ. ಬಸುರಿಗೂ ಪ್ರತಿವಿಷ ಕೊಡಬಹುದು, ಕೊಡಬೇಕು.

ಕೆಲವು ಸಾಮಾನ್ಯ ಮಾತ್ರೆಗಳೇ ಇಲ್ಲಿ ಶತ್ರುಗಳಾಗುತ್ತವೆ. ಮಂಡಲದ ಹಾವು ಕಚ್ಚಿ ಕಾಲು ಊದಿದಾಗ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್, ಡೈಕ್ಲೊಫೆನಾಕ್ ತಂದು ನುಂಗಿಸಿದರೆ ರಕ್ತಸ್ರಾವವೂ ಹೆಚ್ಚು, ಮೂತ್ರಪಿಂಡಕ್ಕೂ ಪೆಟ್ಟು. ದಿನವೂ ತಲೆನೋವಿಗೆ ನುಂಗುವ ಗುಳಿಗೆ ಅದೇ, ಆದರೆ ಆ ಹೊತ್ತಿನ ಮೈ ಬೇರೆ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ನೂ ಆಗ ಬೇಡ. ಚುಚ್ಚಿದಲ್ಲೇ ರಕ್ತ ತುಂಬಿಕೊಳ್ಳುತ್ತದೆ. ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ ಸಾಕು.

ಸೀಸೆಯೊಳಗಿನ ಸರಕು ಸರಿಯಾಗಿದೆಯೇ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೂತ್ರಪಿಂಡ ಕೆಟ್ಟು ಹಾಸಿಗೆ ಹಿಡಿದರು, ಐವರು ತೀರಿಕೊಂಡರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ರಾಜ್ಯ ಸರ್ಕಾರಕ್ಕೆ ಶಂಕೆ ಬಂತು, ಆ ಕಂಪನಿಯ ಡ್ರಿಪ್ಪಿನ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಉಪ್ಪುನೀರಿನಂಥ ಸರಳ ದ್ರವದ ಕಥೆ ಇದು. ಸೂತ್ರ ಸರಿಯಿದ್ದರೆ ಸಾಲದು, ಪ್ರತಿ ಬ್ಯಾಚೂ ಸರಿಯಿರಬೇಕು. ಔಷಧದಿಂದ ತೊಂದರೆ ಆಯಿತೆನಿಸಿದರೆ ಜನರೇ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿ ಇದೆ. ಸೀಸೆಯ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಟುಕೊಂಡರೆ ಆ ದೂರಿಗೆ ಬೆಲೆ ಬರುತ್ತದೆ.

ಲ್ಯಾಂಬ್ ಅವರ ಮಾತು ನೆನಪಿಟ್ಟುಕೊಳ್ಳಿ ಎಂದಿದ್ದೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ದೇಶದ ಎಲ್ಲೆಡೆಯ ಹಾವಿಗೂ ಒಂದೇ ತೆರನಾಗಿ ಆದೀತೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಮತ್ತು ಅವರ ತಂಡ ಇದನ್ನೇ ಪರೀಕ್ಷಿಸಿದೆ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ನಾಲ್ಕರ ಪಟ್ಟಿಗೆ ಸೇರದ ಹಾವುಗಳ ವಿಷಕ್ಕಂತೂ ಈ ಮದ್ದು ಹಲವೆಡೆ ಸೋಲುತ್ತದೆ ಎಂದು 2019ರಿಂದ ಪ್ರಕಟವಾದ ಅವರ ಬರಹಗಳು ತೋರಿಸಿವೆ. ನಮ್ಮ ಮಲೆನಾಡಿನ ಗೂನುಮೂಗಿನ ಮಂಡಲಕ್ಕೆ ಈ ಪ್ರತಿವಿಷ ನಾಟುವುದೇ ಇಲ್ಲ. ಅದೇ ಸಂಸ್ಥೆಯ ಇನ್ನೊಂದು ಆವರಣ ಇಲ್ಲೇ ಕುದಾಪುರದಲ್ಲಿದೆ. ಈ ಕಾವಲಿನ ಹಾವಿನ ವಿಷವನ್ನೂ ಪರೀಕ್ಷೆಗೆ ಹಚ್ಚಿ ಎಂದು ಕೇಳುವ ಹಕ್ಕು ಈ ನೆಲ ಬಿಟ್ಟುಕೊಟ್ಟ ಊರುಗಳಿಗಿದೆ ಎಂಬುದು ನನ್ನ ಅಭಿಪ್ರಾಯ. ಮಿತಿ ಇದೆಯೆಂದು ಮದ್ದನ್ನೇ ಬಿಡಬೇಡಿ. ಇರುವುದು ಇದೊಂದೇ, ನಮ್ಮ ಸೀಮೆಯಲ್ಲಿ ಕಚ್ಚುವ ಹಾವುಗಳು ಬಹುಪಾಲು ಆ ನಾಲ್ಕರೊಳಗಿನವೇ.

ಗರಗಸ ಮಂಡಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಲ್ಲಿನಡಿ ಸುರುಳಿ ಸುತ್ತಿ, ಹುರುಪೆ ಉಜ್ಜಿ ಗರಗರ ಸದ್ದು ಮಾಡುವ ಆ ಗೇಣುದ್ದದ ಹಾವಿನ ವಿಷದಲ್ಲಿ, ರಕ್ತದ ಕಣಗಳು ಒಂದಕ್ಕೊಂದು ಅಂಟದಂತೆ ಮಾಡುವ ವಸ್ತುವಿದೆ. ಅದರ ಮಾದರಿ ನೋಡಿಕೊಂಡು ಟಿರೊಫಿಬಾನ್ ಎಂಬ ಔಷಧ ಮಾಡಿದರು. 1998ರಿಂದ ಅದು ಹೃದಯಾಘಾತದ ರೋಗಿಗಳಿಗೆ ಬಳಕೆಯಲ್ಲಿದೆ. ಕಾವಲಿನಲ್ಲಿ ರಕ್ತ ನಿಲ್ಲದಂತೆ ಮಾಡಿ ಕೊಲ್ಲುವ ಹಾವೇ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಕಟ್ಟದಂತೆ ಮಾಡಿ ಉಳಿಸುತ್ತಿದೆ.

ಈಗ ಕೆಲಸದ ಮಾತು. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ. ಕಟ್ಟಿ ತಂದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಡಾಕ್ಟರ ಎದುರೇ ಬಿಚ್ಚಲಿ. ತಡೆದಿದ್ದ ವಿಷ ಒಮ್ಮೆಲೇ ನುಗ್ಗುತ್ತದೆ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಕಾಲನ್ನು ಮುರಿದ ಮೂಳೆಗೆ ದಬ್ಬೆ ಕಟ್ಟಿದ ಹಾಗೆ ಅಲುಗದಂತೆ ಇಡಿ. ನಡೆಸಬೇಡಿ. 108ಕ್ಕೆ ಕರೆ ಮಾಡಿ. ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಹಾವನ್ನು ಹೊಡೆದು ತರುವ ಸಾಹಸ ಬೇಡ, ಇನ್ನೊಬ್ಬರಿಗೆ ಕಚ್ಚೀತು. ಕಚ್ಚಿದ ಹೊತ್ತನ್ನು ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡರೆ ಡಾಕ್ಟರಿಗೆ ಅದೇ ದೊಡ್ಡ ಸಹಾಯ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಪ್ರತಿ ಪ್ರಕರಣವನ್ನೂ ಪ್ರತಿ ಸಾವನ್ನೂ ವರದಿ ಮಾಡಬೇಕು. ಹಾಗೆ ಬರೆದರೆ ಎಲ್ಲಿ ಎಷ್ಟು ವಯಲ್ ಬೇಕೆಂಬುದು ಗೊತ್ತಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮಗೆ ಹತ್ತಿರದ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ವಯಲ್ ಪ್ರತಿವಿಷ ಇದೆ, ಅವುಗಳ ಅವಧಿ ಎಂದು ಮುಗಿಯುತ್ತದೆ, ರಾತ್ರಿ ಹನ್ನೆರಡಕ್ಕೆ ಹೋದರೆ ಹಾಕಲು ಅಲ್ಲಿ ಯಾರಿರುತ್ತಾರೆ? ಉತ್ತರವನ್ನು ಬರೆದುಕೊಳ್ಳಿ. ದಿನ ಗೊತ್ತಾದರೆ ತಿಳಿಸಿ, ನಾನೂ ನೋಟ್‌ಬುಕ್ ಹಿಡಿದು ಬರುತ್ತೇನೆ.